ಒಂದು ಹನಿಯೂ ಪೋಲಾಗದ ಮನೆ

ಒಂದು ಸೀಮೆಯಲ್ಲಿ ಒಂದು ಕಡಲಿತ್ತಂತೆ. ಒಂದು ದಿನ ಆ ಕಡಲಿಗೆ ಬೇಸರ ಬಂದು, ಮೀನುಗಳನ್ನೂ ದೋಣಿಗಳನ್ನೂ ಇದ್ದಲ್ಲೇ ಬಿಟ್ಟು ಎದ್ದು ನಡೆದುಬಿಟ್ಟಿತಂತೆ. ಅದು ಮರೆತುಹೋದ ಉಪ್ಪು ಮಾತ್ರ ಇಂದಿಗೂ ಗಾಳಿಯಲ್ಲಿ ಹಾರುತ್ತ, ಮನೆಮನೆಯ ಕಿಟಕಿ ತಟ್ಟಿ, ನಮ್ಮ ಕಡಲನ್ನು ಕಂಡಿರಾ ಎಂದು ಕೇಳುತ್ತದಂತೆ. ಆ ಸೀಮೆಯ ನುಕುಸ್ ಪಟ್ಟಣದಲ್ಲಿ, ಐದು ಅಂತಸ್ತಿನ ಒಂದು ಹಳೆಯ ಕಟ್ಟಡದಲ್ಲಿ, ಮಕ್ಸೆತ್ ಎಂಬ ಪ್ಲಂಬರ್ ಇದ್ದ. ಊರಿನ ಮನೆಗಳಿಗೆಲ್ಲ ನೀರು ಹರಿಸುತ್ತಿದ್ದ ಅವನ ಮನೆಗೆ ಮಾತ್ರ ನೀರು ಬರುತ್ತಿರಲಿಲ್ಲ. ಅಜ್ಜಿಯರು ಹೇಳುವ ಕತೆಯಾಗಿದ್ದರೆ ಈ ಹೊತ್ತಿಗೆ ಮಾತಾಡುವ ಮೀನೊಂದು ಬಂದು ಅವನ ಕಷ್ಟ ವಿಚಾರಿಸಬೇಕಿತ್ತು. ಮಕ್ಸೆತ್‌ನ ಬಳಿಗೆ ಮೀನು ಬರಲಿಲ್ಲ. ಒಂದು ಯೋಚನೆ ಬಂತು.

ಅದೂ ಒಮ್ಮೆಲೇ ಬಂದದ್ದಲ್ಲ, ಬರಲು ಮೂರು ಚಳಿಗಾಲ ಹಿಡಿಯಿತು. ಮಕ್ಸೆತ್‌ನದು ಐದನೇ ಅಂತಸ್ತು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಬಿಡುವ ನೀರು ಒಂದೇ ಕೊಳವೆಯಲ್ಲಿ ಮೇಲಕ್ಕೇರುತ್ತ, ಕೆಳಗಿನ ನಾಲ್ಕು ಮನೆಗಳ ಸೋರುವ ಫ್ಲಶ್ ಟ್ಯಾಂಕುಗಳಿಗೂ ಬಾಯಿ ಮುಚ್ಚದ ನಲ್ಲಿಗಳಿಗೂ ಹಂಚಿಹೋಗಿ, ನಾಲ್ಕನೇ ಅಂತಸ್ತಿನಲ್ಲೇ ಪ್ರಾಣ ಬಿಡುತ್ತಿತ್ತು. ಅವನ ಹೆಂಡತಿ ಜಿಬಾಗುಲ್ ಅಂಗಳದ ನಲ್ಲಿಯಿಂದ ಕ್ಯಾನು ತುಂಬಿಕೊಂಡು ಎಂಬತ್ತು ಮೆಟ್ಟಿಲು ಹತ್ತುತ್ತಿದ್ದಳು. ಮೂರು ವರ್ಷದ ಹಿಂದೆ ಯಾರೋ ಚೆಲ್ಲಿದ ನೀರು ಮೆಟ್ಟಿಲ ಮೇಲೆ ಹೆಪ್ಪುಗಟ್ಟಿತ್ತು. ಅವಳು ಜಾರಿದಳು. ಸೊಂಟದ ಮೂಳೆ ಮುರಿಯಿತು. ಈಗಲೂ ಅವನು ಕೆಲಸಕ್ಕೆ ಹೋದ ಮೇಲೆ ಅವಳು ಅರ್ಧ ಕ್ಯಾನು ಹಿಡಿದು, ಪ್ರತಿ ಅಂತಸ್ತಿನಲ್ಲೂ ಕೂತು ಎದ್ದು, ಗೋಡೆ ಹಿಡಿದುಕೊಂಡು ಬರುತ್ತಾಳೆಂಬುದು ಅವನಿಗೆ ಗೊತ್ತಿತ್ತು. ಬರುವುದಿಲ್ಲವೆಂದು ಅವಳು ಸುಳ್ಳು ಹೇಳುತ್ತಿದ್ದಳು, ನಂಬಿದಂತೆ ಅವನೂ ನಟಿಸುತ್ತಿದ್ದ.

ಊರಂಚಿನಲ್ಲಿ ಹೊಸ ಮನೆಗಳ ಸಾಲೊಂದು ಎದ್ದಿತ್ತು. ಅದರಲ್ಲೊಂದು ಮನೆಗೆ ಕೊಳವೆ ಹಾಕಿದವನು ಮಕ್ಸೆತ್ತೇ. ಸ್ವಂತ ಕೊಳವೆಬಾವಿ, ಸದ್ದಿಲ್ಲದ ಸಣ್ಣ ಪಂಪು, ಸೂರಿನ ಮೇಲೆ ಬಿಸಿಲಿಗೆ ಕಾಯುವ ತೊಟ್ಟಿ, ಮೆಟ್ಟಿಲೇ ಇಲ್ಲ. ಕೆಲಸ ಮುಗಿದ ದಿನ ನಲ್ಲಿ ತಿರುಗಿಸಿ ಅದರ ಕೆಳಗೆ ಬಹಳ ಹೊತ್ತು ಕೈ ಹಿಡಿದು ನಿಂತಿದ್ದ. ಆ ಮನೆ ಇನ್ನೂ ಖಾಲಿಯಿತ್ತು.

ಎರಡನೇ ಅಂತಸ್ತಿನ ಬಿಬಿಸೊಲ್ತಾನ್ ಅವನನ್ನು ಕರೆಸಿದ್ದು ಫೆಬ್ರವರಿಯಲ್ಲಿ. ನಿವೃತ್ತ ಭೂಗೋಳದ ಟೀಚರ್, ತುರ್ಕ್‌ಮೆನ್ ಮನೆತನದವಳು, ಎಲ್ಲರಿಗೂ ಅಪಾ, ಅಂದರೆ ಅಕ್ಕ. ಊರಿನ ಅರ್ಧ ಜನ ಅವಳ ಮುಂದೆ ಬೆಂಚಿನ ಮೇಲೆ ನಿಂತವರೇ. ಮಕ್ಸೆತ್ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿದ್ದ.

"ಬಂದ್ಯಾ? ಏಳನೇ ಕ್ಲಾಸಲ್ಲಿ ಅಮು ನದಿ ಎಲ್ಲಿಗೆ ಹೋಗಿ ಸೇರುತ್ತೆ ಅಂತ ಕೇಳಿದ್ರೆ ಪಿಳಿಪಿಳಿ ಕಣ್ಣು ಬಿಟ್ಟಿದ್ದೆ. ಈಗಲಾದ್ರೂ ಗೊತ್ತಾಯ್ತಾ?"

"ಎಲ್ಲಿಗೂ ಹೋಗಲ್ಲ ಅಪಾ. ದಾರೀಲೇ ಮುಗಿದುಹೋಗುತ್ತೆ."

"ಸರಿ ಉತ್ತರ. ನಲವತ್ತು ವರ್ಷ ತಡ ಆಯ್ತು, ಅಷ್ಟೇ. ಬಾ, ನನ್ನ ಕಕ್ಕಸು ನೋಡು. ಅರ್ಧ ನದಿ ಅಲ್ಲೇ ಮುಗೀತಿದೆ."

ಅಂದು ತರಗತಿಯಲ್ಲಿ ಅವಳು ಇನ್ನೊಂದು ಮಾತನ್ನೂ ಹೇಳಿದ್ದಳು: ಇವನು ಚರಂಡಿ ಬಗೆಯೋಕೇ ಹುಟ್ಟಿದವನು. ಮೂವತ್ತೆಂಟು ಮಕ್ಕಳು ನಕ್ಕಿದ್ದರು. ಅವಳಿಗೆ ಅದು ನೆನಪಿರಲಿಕ್ಕಿಲ್ಲ. ಅವನು ಮಾತ್ರ ಪ್ರತಿ ಚರಂಡಿ ಬಗೆಯುವಾಗಲೂ ನೆನೆಯುತ್ತಿದ್ದ.

ಅವಳಿಗೆ ಬೇಕಾದದ್ದು ದೊಡ್ಡ ಕೆಲಸ. ಎರಡು ಗುಂಡಿಯ ಫ್ಲಶ್ ಟ್ಯಾಂಕು, ನಲ್ಲಿಗಳ ತುದಿಗೆ ನೀರನ್ನು ಗಾಳಿಯೊಡನೆ ಬೆರೆಸಿ ಬಿಡುವ ಜಾಲರಿ, ಕಡಿಮೆ ನೀರಿನ ಶವರು, ಬಿಸಿನೀರ ಕೊಳವೆಗೆ ಹೊಸ ಹೊದಿಕೆ. ತನ್ನ ಮನೆಗೆ ಮಾತ್ರವಲ್ಲ, ಒಂದೇ ಕೊಳವೆಯ ಮೇಲಿರುವ ಒಂದನೇ, ಮೂರನೇ, ನಾಲ್ಕನೇ ಅಂತಸ್ತಿನವರನ್ನೂ ಗದರಿಸಿ ಒಪ್ಪಿಸಿದ್ದಳು.

"ಮೊದ್ಲು ಅವರದ್ದು ಮಾಡು, ನಂದು ಕೊನೇಗೆ. ಆದ್ರೆ ಮಾತು ಕೊಡು: ಕೆಲಸ ಮುಗಿದ ದಿನ ನನ್ನ ಮನೇಲಿ ಒಂದು ಹನೀನೂ ಪೋಲಾಗಬಾರದು."

"ಆಗಲ್ಲ ಅಪಾ. ಮಾತು ಕೊಟ್ಟೆ."

ಮಾತು ಕೊಡುವಾಗ ಅವನ ಕಣ್ಣು ಅವಳ ಬೆನ್ನ ಹಿಂದಿನ ಗೋಡೆಯ ಮೇಲಿತ್ತು. ಅಲ್ಲಿ ತೂಗುಹಾಕಿದ್ದು ಒಂದು ಎನ್ಸಿ, ಅಂದರೆ ಹಿಂದೆ ಗುಡಾರದ ಬಾಗಿಲಿಗೆ ಇಳಿಬಿಡುತ್ತಿದ್ದ ರತ್ನಗಂಬಳಿ. ಆಳೆತ್ತರವೂ ಇಲ್ಲ. ದಾಳಿಂಬೆ ಸಿಪ್ಪೆಯ ಕೆಂಪು, ಅದರ ಮೇಲೆ ನಾಲ್ಕು ಚೌಕ, ಚೌಕದೊಳಗೆ ಹಕ್ಕಿಯ ರೆಕ್ಕೆಯಂಥ ಗೆರೆಗಳು. ಅವಳ ಅಜ್ಜಿ ಮದುವೆಯಾಗಿ ಬಂದಾಗ ತಂದದ್ದು. ಹಿಂದೊಮ್ಮೆ ತಾಷ್ಕೆಂಟಿನ ಒಬ್ಬ ವ್ಯಾಪಾರಿಯ ಮನೆಯಲ್ಲಿ ಶವರು ಕೂರಿಸುತ್ತಿದ್ದಾಗ ಇಂಥದ್ದೇ ಒಂದನ್ನು ಮಕ್ಸೆತ್ ಕಂಡಿದ್ದ. ಇದಕ್ಕಿಂತ ಹಳೆಯದು ಸಿಕ್ಕಿದರೆ ಒಂದು ಮನೆಯನ್ನೇ ಕೊಡುತ್ತೇನೆ ಎಂದು ಆ ವ್ಯಾಪಾರಿ ಚಹಾ ಹೀರುತ್ತ ಹೇಳಿದ್ದ.

ಒಂದು ಬಾಗಿಲಿಗೆ ಒಂದು ಮನೆ. ಆ ರಾತ್ರಿ ಮಕ್ಸೆತ್ ನಿದ್ದೆ ಮಾಡಿದ್ದು ಕಡಿಮೆ.

ಕದ್ದರೆ ಸಿಕ್ಕಿಬೀಳುತ್ತೇನೆ. ಮನೆಯೊಳಗೆ ಓಡಾಡುವವನು, ಉಪಕರಣ ಇರುವವನು, ಬಡವ, ಮೂರೂ ತಾನೇ. ಆದ್ದರಿಂದ ಕಳುವೇ ನಡೆಯಬಾರದು. ವಸ್ತು ಕಳೆದುಹೋಗಬಾರದು, ಹಾಳಾಗಬೇಕು. ಹಾಳಾದದ್ದನ್ನು ಯಾರೂ ಹುಡುಕುವುದಿಲ್ಲ. ಅತ್ತು, ಎಸೆದು, ಮರೆಯುತ್ತಾರೆ. ಮತ್ತೆ, ನೀರು ಯಾವುದನ್ನು ಹೇಗೆ ಹಾಳು ಮಾಡುತ್ತದೆಂದು ಈ ಊರಿನಲ್ಲಿ ತನ್ನಷ್ಟು ಬಲ್ಲವರು ಯಾರಿದ್ದಾರೆ?

ಅವನ ತಾಯಿಯ ಮನೆಯಲ್ಲಿ ನೆಲಕ್ಕೆ ಒಂದು ಕಾರ್ಖಾನೆಯ ಜಮಖಾನವಿತ್ತು. ಅದರ ಮೇಲೆ ಚಹಾ ಚೆಲ್ಲಿದರೆ ತಾಯಿ ಬೊಬ್ಬೆ ಹಾಕಿ ಒರೆಸಲು ಓಡಿಬರುತ್ತಿದ್ದಳು. ನೀರು ಬಿದ್ದಲ್ಲಿ ಕೆಂಪು ಹರಡಿ ಹೂವೆಲ್ಲ ಕಲಸಿಹೋಗುತ್ತಿತ್ತು. ಗಂಬಳಿಗಳ ಬಗ್ಗೆ ಅವನಿಗೆ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ, ತಿಳಿಯುವ ಅಗತ್ಯವೂ ಕಾಣಲಿಲ್ಲ.

ಕೊಳವೆಯ ಅಳತೆ ತೆಗೆಯುವ ನೆಪದಲ್ಲಿ ಎನ್ಸಿಯ ಫೋಟೋ ತೆಗೆದ. ಹೊಳೆಯಾಚೆಯ ಉರ್ಗೆಂಚಿನಲ್ಲಿ ಪ್ರವಾಸಿಗರಿಗೆಂದು ನೇಯುವ ಹೆಂಗಸೊಬ್ಬಳಿಗೆ ಅದೇ ಅಳತೆಯಲ್ಲಿ ಒಂದು ಬೇಕೆಂದ. ಆರು ತಿಂಗಳು ಎಂದಳು. ಆರು ತಿಂಗಳು ಅವನಿಗೂ ಬೇಕಾಗಿತ್ತು. ಒಂದನೇ ಅಂತಸ್ತಿನ ಸರ್ಸೆನ್‌ಬಾಯ್‌ನ ಮನೆಯ ಕೆಲಸವನ್ನು ಏಪ್ರಿಲ್‌ವರೆಗೆ ಎಳೆದ. ಮೂರನೆಯದಕ್ಕೆ ಜೂನ್ ಆಯಿತು, ನಾಲ್ಕನೆಯದಕ್ಕೆ ಆಗಸ್ಟ್. ಎಳೆದನೆಂದರೆ ಕೆಡಿಸಿದನೆಂದಲ್ಲ. ಕೆಲಸದಲ್ಲಿ ಅವನೆಂದೂ ಮೋಸ ಮಾಡಿದವನಲ್ಲ. ಪ್ರತಿ ನಟ್ಟನ್ನೂ ಕಿವಿಗೊಟ್ಟು ಬಿಗಿದ. ಕದಿಯಲು ಹೊರಟವನ ಕೈಯಿಂದ ಅಷ್ಟು ಪ್ರಾಮಾಣಿಕವಾದ ಕೊಳಾಯಿ ಕೆಲಸ ಆ ಊರಿನಲ್ಲಿ ಹಿಂದೆ ನಡೆದಿರಲಿಲ್ಲ.

ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಬಿಬಿಸೊಲ್ತಾನ್ ಬಿಡುತ್ತಿರಲಿಲ್ಲ.

"ಏನಪ್ಪಾ, ನನ್ನ ಸರದಿ ಬರೋ ಹೊತ್ತಿಗೆ ಕಡಲು ವಾಪಸ್ ಬಂದುಬಿಡುತ್ತೋ ಹೇಗೆ?"

"ಒಳ್ಳೇ ಕೆಲಸಕ್ಕೆ ಹೊತ್ತು ಬೇಕು ಅಪಾ."

"ಒಳ್ಳೇ ಸೋಮಾರಿತನಕ್ಕೂ ಬೇಕು."

ಸೆಪ್ಟೆಂಬರಿನಲ್ಲಿ ಗಂಬಳಿ ಬಂತು. ಗೆರೆ ಗೆರೆಗೂ ಹೊಂದುತ್ತಿತ್ತು. ಬಿಸಿಲಿಗೆ ಹಾಕಿ, ಒಲೆಯ ಹೊಗೆ ಹಿಡಿಸಿ, ನೂರು ವರ್ಷ ಹಳೆಯದು ಮಾಡಿದ. ಮೂಲೆಯೊಂದನ್ನು ಒದ್ದೆ ಮಾಡಿ ಉಜ್ಜಿದಾಗ ಬೆರಳಿಗೆ ಕೆಂಪು ಅಂಟಿತು. ಪೊಟ್ಟಣದ ಬಣ್ಣ. ಅದನ್ನು ನೋಡಿ ಮಕ್ಸೆತ್ ತಿಂಗಳಾನುಗಟ್ಟಲೆ ನಗದಿದ್ದ ನಗು ನಕ್ಕ. ಇನ್ನೂ ಒಳ್ಳೆಯದಾಯಿತು. ನೀರಲ್ಲಿ ನೆನೆದರೆ ಕೆಂಪು ಬಿಳಿಯೊಳಗೆ, ಬಿಳಿ ಕಪ್ಪಿನೊಳಗೆ ಹರಿದು ರಾಡಿಯಾಗುತ್ತದೆ. ಆಮೇಲೆ ಗಂಟು ಎಣಿಸಲು, ಗೆರೆ ಹೋಲಿಸಲು ಉಳಿಯುವುದೇನು?

ನೀರು ಎಲ್ಲಿಂದ ಬರಬೇಕೆಂಬುದನ್ನು ಅವನು ಮೊದಲೇ ಆರಿಸಿದ್ದ. ತಾನು ಹಾಕಿದ ಕೊಳವೆಯಿಂದ ಬರಬಾರದು. ಚಳಿಗಾಲಕ್ಕೆ ಮುನ್ನ, ಮನೆಗಳನ್ನು ಬೆಚ್ಚಗಿಡುವ ಕಬ್ಬಿಣದ ರೇಡಿಯೇಟರುಗಳಿಗೆ ಒಂದು ದಿನ ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷೆ ಮಾಡುವುದು ವಾಡಿಕೆ. ಆ ದಿನ ಯಾರೂ ಮನೆ ಬಿಟ್ಟು ಕದಲುವುದಿಲ್ಲ. ಪ್ರತಿ ವರ್ಷವೂ ಎಲ್ಲೋ ಒಂದು ಹಳೆಯ ಜೋಡಣೆ ಬಾಯಿ ಬಿಡುತ್ತದೆ, ಯಾರದೋ ಮನೆ ಕೆರೆಯಾಗುತ್ತದೆ, ಜನ ಹಳೆಯ ಕಬ್ಬಿಣಕ್ಕೆ ಶಾಪ ಹಾಕಿ ಸುಮ್ಮನಾಗುತ್ತಾರೆ. ಈ ಸಲದ ಪರೀಕ್ಷೆ ಸೆಪ್ಟೆಂಬರ್ ಮೂವತ್ತರ ಮಧ್ಯಾಹ್ನ ಎಂದು ಬಾಗಿಲಿಗೆ ಚೀಟಿ ಅಂಟಿಸಿದ್ದರು. ಮರುದಿನ ಆ ನಾಡಿನಲ್ಲಿ ಶಿಕ್ಷಕರ ದಿನ. ಮೂವತ್ತರ ಮಧ್ಯಾಹ್ನವೇ ಹಳೆಯ ಟೀಚರುಗಳಿಗೆ ಶಾಲೆಯಲ್ಲಿ ಸನ್ಮಾನ.

"ನೀನೇ ಮನೇಲಿರು," ಎಂದು ಬಿಬಿಸೊಲ್ತಾನ್ ತಾನಾಗಿ ಕೀಲಿಕೈ ಕೊಟ್ಟಳು. "ನಿನ್ನ ಬಿಟ್ರೆ ನೀರಿನ ವಿಷ್ಯದಲ್ಲಿ ನಂಗೆ ನಂಬಿಕೆ ಇರೋರು ಯಾರಿದಾರೆ?"

ಎರಡು ದಿನ ಮುಂಚೆ ಎನ್ಸಿಯನ್ನು ಗೋಡೆಯಿಂದ ಇಳಿಸಬೇಕಾಯಿತು. ಅದಕ್ಕೂ ಕಾರಣ ಗಟ್ಟಿಯಾಗಿತ್ತು, ನಿಜವೂ ಆಗಿತ್ತು. ಬಿಸಿನೀರ ಕೊಳವೆ ಮೂರು ಗೋಡೆ ಸುತ್ತಿ ಅಡುಗೆಮನೆಗೆ ಹೋಗುತ್ತಿತ್ತು. ಬಿಸಿನೀರು ಬರುವ ತನಕ ಅರ್ಧ ಬಕೆಟ್ಟು ತಣ್ಣೀರು ಸುಮ್ಮನೆ ಹರಿದುಹೋಗುತ್ತಿತ್ತು. ಗಂಬಳಿಯ ಹಿಂದಿನ ಗೋಡೆಯನ್ನೇ ಕೊರೆದರೆ ಹನ್ನೊಂದು ಮೀಟರಿನ ದಾರಿ ಎರಡು ಮೀಟರಾಗುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಅವಳು ಎನ್ಸಿಯನ್ನು ಸುರುಳಿ ಸುತ್ತಿ, ಹಳೆಯ ಹಾಸಿನಲ್ಲಿ ಕಟ್ಟಿ, ನಡುಮನೆಯ ಮೂಲೆಯಲ್ಲಿ, ರೇಡಿಯೇಟರಿನ ಬುಡದಲ್ಲಿ ಇಟ್ಟಳು. ಅಲ್ಲಿಡಿ ಎಂದು ಅವನು ಹೇಳಬೇಕಾಗಿಯೂ ಬರಲಿಲ್ಲ.

ಆ ಸಂಜೆ ಜಿಬಾಗುಲ್ ಜೋಳದ ಹಿಟ್ಟಿನ ಗುರ್ತಿಕ್ ಬಡಿಸುತ್ತ ಹೇಳಿದಳು: "ರೀ, ಇವತ್ತು ನಮ್ಮ ನಲ್ಲಿ ಕೆಮ್ಮಿತು."

"ಏನು?"

"ಕೆಮ್ಮಿತು ಕಣ್ರೀ, ಮುದುಕರ ಥರ. ಗಾಳಿ ಬಂತು, ಎರಡು ಹನಿ ನೀರೂ ಬಂತು."

"ತುಕ್ಕು ಇರ್ಬೇಕು," ಎಂದ. "ಇನ್ನು ಆ ನಲ್ಲಿ ಚಿಂತೆ ಬಿಡು. ಈ ಚಳಿಗಾಲ ನಾವಿಲ್ಲಿ ಇರಲ್ಲ."

ಅವಳು ಬಟ್ಟಲು ಹಿಡಿದು ಅವನ ಮುಖವನ್ನೇ ನೋಡಿದಳು. ಏನೂ ಕೇಳಲಿಲ್ಲ. ಮೆಟ್ಟಿಲು ಹತ್ತುವುದಿಲ್ಲ ಎಂದು ತಾನು ಹೇಳುವಾಗ ಅವನು ಸುಮ್ಮನಿರುತ್ತಿದ್ದನಲ್ಲ, ಹಾಗೆ.

ಮೂವತ್ತರಂದು ಬಿಬಿಸೊಲ್ತಾನ್ ಪದಕಗಳನ್ನೆಲ್ಲ ಎದೆಗೆ ಚುಚ್ಚಿಕೊಂಡು, ನೀಲಿ ರುಮಾಲು ಕಟ್ಟಿ ಹೊರಟಳು. ಅವಳ ಹೆಜ್ಜೆಯ ಸದ್ದು ಕೆಳಗಿನ ಬಾಗಿಲು ದಾಟಿದ ಮೇಲೆ ಮಕ್ಸೆತ್ ನೂರು ಎಣಿಸಿದ. ನಂತರ ಕೆಲಸ ಶುರು ಮಾಡಿದ.

ಹಾಸಿನ ಗಂಟು ಬಿಚ್ಚಿ ಎನ್ಸಿಯನ್ನು ತೆಗೆದು, ನಕಲನ್ನು ಅದೇ ಸುರುಳಿಯಲ್ಲಿ ಸುತ್ತಿ, ಅದೇ ಗಂಟು ಹಾಕಿದ. ಅಸಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ, ಹಳೆಯ ಕೊಳವೆಗಳಿಂದ ಕಿತ್ತ ಗಾಜುನಾರಿನ ಹೊದಿಕೆಗಳ ನಡುವೆ ಗೋಣಿಗೆ ತುಂಬಿದ. ಗಾಜುನಾರು ಮುಟ್ಟಿದರೆ ಮೂರು ದಿನ ಮೈಯೆಲ್ಲ ತುರಿಕೆ. ಪೊಲೀಸರಿರಲಿ, ಇಲಿಯೂ ಅದಕ್ಕೆ ಬಾಯಿ ಹಾಕುವುದಿಲ್ಲ. ಗೋಣಿಯನ್ನು ನೆಲಮಾಳಿಗೆಯಲ್ಲಿ ಮಿಕ್ಕ ಎಂಟು ಗೋಣಿಗಳ ಜೊತೆಗಿಟ್ಟು ಬಂದ. ಶಿಕ್ಷಕರ ದಿನದ ರಜೆ ಮುಗಿದ ಮೇಲೆ ತಾಷ್ಕೆಂಟಿನ ವ್ಯಾಪಾರಿಯ ಗಾಡಿ ಬರುವುದಿತ್ತು.

ಇನ್ನು ರೇಡಿಯೇಟರು. ಅದರೊಳಗೆ ಆಗ ಗಾಳಿ ಮಾತ್ರವಿತ್ತು. ಜೋಡಣೆಯ ನಟ್ಟು ಸಡಿಲಿಸಿ, ಒಳಗಿನ ಹಳೆಯ ನಾರು ಕಿತ್ತು, ಅಲ್ಲಿಗೆ ಕಲ್ಲುಸಕ್ಕರೆಯ ಒಂದು ಬಿಲ್ಲೆ ಕೂರಿಸಿದ. ಚಹಾದ ಜೊತೆಗೆ ಎಲ್ಲರ ಮನೆಯಲ್ಲೂ ಇಡುವ, ಹಳದಿ ಗಾಜಿನಂಥ ಕಲ್ಲುಸಕ್ಕರೆ. ನೀರು ತಾಗಿದ ನಲವತ್ತು ನಿಮಿಷಕ್ಕೆ ಅದು ಕರಗಿ ಹೋಗುತ್ತದೆ. ಮನೆಯಲ್ಲಿ ನಾಲ್ಕು ಸಲ ಪರೀಕ್ಷಿಸಿದ್ದ. ಹೋದ ಮೇಲೆ ಗುರುತೂ ಇಲ್ಲ, ಸಾಕ್ಷಿಯೂ ಇಲ್ಲ. ಉಳಿಯುವುದು ವಯಸ್ಸಾಗಿ ಬಾಯಿಬಿಟ್ಟ ಒಂದು ಜೋಡಣೆ.

ಕೊಳವೆಯೊಳಗೆ ನೀರು ಗೊರಗೊರ ಎಂದು ಏರಿ ಬರುವ ಸದ್ದು ಕೇಳಿಸಿದಾಗ ಗಡಿಯಾರ ನೋಡಿದ. ಎರಡು ಹತ್ತು. ಬಾಗಿಲಿಗೆ ಬೀಗ ಹಾಕಿ ಒಂದನೇ ಅಂತಸ್ತಿಗೆ ಇಳಿದ.

ಸರ್ಸೆನ್‌ಬಾಯ್ ಮೊದಲು ಮೀನುಗಾರನಾಗಿದ್ದವನು. ಕಡಲು ಹೋದ ಮೇಲೆ ಮಾತುಗಾರನಾದ. ಅಂದು ಅಡುಗೆಮನೆಯಲ್ಲಿ ಅವನ ಜೊತೆ ಇಬ್ಬರು ಹೆಂಗಸರೂ ಇದ್ದರು, ಹೆಂಡತಿ ಮತ್ತು ನಾದಿನಿ. ಸಾಕ್ಷಿಗೆ ಮೂರು ಜನ.

"ಬಾರಯ್ಯ ಬಾ! ನಮ್ಮ ರೇಡಿಯೇಟರಿಗೆ ಒಂದು ಸಲ ಕಿವಿ ಕೊಡು. ರಾತ್ರಿ ಕೆಟ್ಟ ಕನಸು ಬಿತ್ತು."

ಮಕ್ಸೆತ್ ಕಿವಿ ಕೊಟ್ಟ, ಸ್ಪ್ಯಾನರಿನಿಂದ ತಟ್ಟಿದ, ಚಹಾಕ್ಕೆ ಕೂತ. ಕೂತ ಜಾಗ ನೇರ ಬಿಬಿಸೊಲ್ತಾನಳ ನಡುಮನೆಯ ಕೆಳಗೆ. ತಲೆಯ ಮೇಲೆ ಬಿಳಿ ಸುಣ್ಣದ ಸೂರು. ಅಲ್ಲೊಂದು ಸಣ್ಣ ಬಿರುಕು, ನೊಣದ ಕಾಲಿನಷ್ಟು. ಎರಡು ಐವತ್ತಕ್ಕೆ ಅಲ್ಲಿಂದ ಮೊದಲ ಹನಿ ಬೀಳಬೇಕು.

ಎರಡು ಐವತ್ತಾಯಿತು. ಸರ್ಸೆನ್‌ಬಾಯ್ ಒಂದು ಮೀನಿನ ಕತೆಯ ಮಧ್ಯದಲ್ಲಿದ್ದ. ಮೀನು ಆಗಲೇ ಆಳುದ್ದ ಬೆಳೆದಿತ್ತು. ಎರಡು ಐವತ್ತೈದು. ಬಿರುಕು ಒಣಗಿದ್ದಂತೆಯೇ ಇತ್ತು. ಮಕ್ಸೆತ್‌ನ ನಾಲಿಗೆಗೆ ಚಹಾದ ರುಚಿ ಹತ್ತಲಿಲ್ಲ. ನೀರು ತೀರಾ ತಣ್ಣಗಿತ್ತೇ? ಸಕ್ಕರೆ ದಪ್ಪವಾಯಿತೇ? ಮೂರಕ್ಕೆ ಸನ್ಮಾನ ಮುಗಿದರೆ ಅವಳು ಮೂರೂವರೆಗೆ ಬಾಗಿಲಲ್ಲಿರುತ್ತಾಳೆ. ಜೋಡಣೆ ಅವಳ ಕಣ್ಣೆದುರೇ ಬಾಯಿಬಿಟ್ಟರೆ ಅವಳು ಮೊದಲು ಮಾಡುವ ಕೆಲಸ ಆ ಗಂಟನ್ನು ಎತ್ತಿ ಮಂಚದ ಮೇಲಿಡುವುದು.

"ಏನು ಮೇಲೆ ಮೇಲೆ ನೋಡ್ತೀಯಾ?" ಎಂದಳು ನಾದಿನಿ. "ಸುಣ್ಣ ಸರಿ ಇಲ್ವಾ?"

"ಕೊಳಾಯಿ ಕೆಲಸದೋರ ರೋಗ ಕಣಮ್ಮ. ಎಲ್ಲಿ ಕೂತ್ರೂ ಸೂರು ನೋಡ್ತೀವಿ."

"ನಮ್ಮವರು ಎಲ್ಲಿ ಕೂತ್ರೂ ಬಾಯಿ ಬಿಡ್ತಾರೆ," ಎಂದಳು ಸರ್ಸೆನ್‌ಬಾಯ್‌ನ ಹೆಂಡತಿ.

"ಕೇಳಿದ್ಯಾ? ಮೀನು ಬಲೇಲಿದೆ, ಇವಳು ನಡುವೆ..."

ಹನಿ ಬಿದ್ದದ್ದು ಮೂರು ಗಂಟೆ ಏಳು ನಿಮಿಷಕ್ಕೆ, ಸರ್ಸೆನ್‌ಬಾಯ್‌ನ ಚಹಾ ಬಟ್ಟಲಿನೊಳಕ್ಕೇ. ಅವನು ಬಟ್ಟಲನ್ನು ನೋಡಿದ, ಸೂರನ್ನು ನೋಡಿದ. ಬದುಕಿನಲ್ಲಿ ಮೊದಲ ಬಾರಿಗೆ ಕತೆಯನ್ನು ಅರ್ಧಕ್ಕೆ ನಿಲ್ಲಿಸಿದ.

"ಅಯ್ಯೋ, ಟೀಚರ್ ಮನೆ!"

ಮಕ್ಸೆತ್ ಓಡಿದ. ನೆಲಮಾಳಿಗೆಗೆ ಇಳಿದು ದೊಡ್ಡ ವಾಲ್ವನ್ನು ತಿರುಗಿಸುವಾಗ ಗೋಣಿಗಳ ಕಡೆ ತಿರುಗಿಯೂ ನೋಡಲಿಲ್ಲ. ವಾಲ್ವು ಬಿಗಿಯಾಗಿತ್ತು, ಅಥವಾ ಅವನೇ ನಿಧಾನ ಮಾಡಿದನೋ, ಮುಚ್ಚಲು ಬೇಕಾದಷ್ಟು ಹೊತ್ತು ಹಿಡಿಯಿತು. ಮೇಲೆ ಹೋಗಿ ಬೀಗ ತೆಗೆದರೆ ನಡುಮನೆಯಲ್ಲಿ ಕಾಲಿನ ಗಂಟು ಮುಳುಗುವಷ್ಟು ತುಕ್ಕು ನೀರು, ಅದರ ನಡುವೆ ಗಂಟು ನೆನೆದು ಉಬ್ಬಿ ಕೂತಿತ್ತು. ಬಿಚ್ಚಿದಾಗ ಎಲ್ಲವೂ ಅವನಂದುಕೊಂಡಂತೆಯೇ ಆಗಿತ್ತು. ಹಕ್ಕಿಯ ರೆಕ್ಕೆಗಳಿರಲಿಲ್ಲ, ಚೌಕಗಳಿರಲಿಲ್ಲ. ಒಂದು ಕೆಂಗಪ್ಪು ರಾಡಿ.

ಬಿಬಿಸೊಲ್ತಾನ್ ಹೂಗುಚ್ಛ ಹಿಡಿದು ಬಂದಾಗ ಮೆಟ್ಟಿಲ ತುಂಬ ನೆರೆಯವರಿದ್ದರು. ಅವಳು ಚೀರಲಿಲ್ಲ. ಹೂಗಳನ್ನು ಕಿಟಕಿಯಲ್ಲಿಟ್ಟು, ಮೊಣಕಾಲೂರಿ, ಆ ರಾಡಿಯನ್ನು ಒಮ್ಮೆ ಸವರಿದಳು. ಹೆಂಗಸರು ತಗಡಿನ ಮೊರದಲ್ಲಿ ನೀರು ಬಾಚಿ ಬಚ್ಚಲಿಗೆ ಸುರಿಯಲು ಹೊರಟಾಗ ಮಾತ್ರ ತಲೆಯೆತ್ತಿದಳು.

"ಚೆಲ್ಲಬೇಡ್ರೇ. ಬಕೆಟ್‌ಗೆ ತುಂಬಿ. ಕಕ್ಕಸಿಗಾದ್ರೂ ಆಗುತ್ತೆ."

ದುಃಖದಲ್ಲೂ ಮುದುಕಿಯ ಜಿಪುಣತನ ಹೋಗಲಿಲ್ಲವಲ್ಲ ಎಂದುಕೊಂಡ ಮಕ್ಸೆತ್. ತಾನೇ ಎರಡು ಬಕೆಟ್ಟು ತುಂಬಿಕೊಟ್ಟ.

"ಇದನ್ನ ಕಣ್ಣೆದುರಿಗೆ ಇಟ್ಕೋಬೇಡಿ ಅಪಾ," ಎಂದ, ಗಂಬಳಿಯನ್ನು ಮೆಲ್ಲಗೆ ಮಡಚುತ್ತ. "ಕೊಳೆತು ನಾತ ಬರುತ್ತೆ. ನಾನೇ ಸಾಗಿಸ್ತೀನಿ."

ಅವಳು ಗೋಡೆ ಹಿಡಿದು ಎದ್ದು, "ತಗೊಂಡ್ಹೋಗು," ಎಂದಳು.

ಕತ್ತಲಾಗುವ ಮೊದಲೇ ಕಸದ ಲಾರಿ ಅದನ್ನು ನುಂಗಿತು. ಲಾರಿ ತಿರುವಿನಲ್ಲಿ ಮರೆಯಾಗುವುದನ್ನು ಮಕ್ಸೆತ್ ನಿಂತು ನೋಡಿದ. ಸಕ್ಕರೆ ಕರಗಿತ್ತು, ನಕಲು ಹೋಗಿತ್ತು. ಪರೀಕ್ಷೆಗೆ ಬಂದ ಅಧಿಕಾರಿ ಹಳೆಯ ಜೋಡಣೆ ಎಂದು ಬರೆದು ಸಹಿ ಮಾಡಿದ್ದ. ಯಾರಾದರೂ ಅನುಮಾನಪಟ್ಟರೂ ಅನುಮಾನಪಡಲು ಒಂದು ವಸ್ತುವಾದರೂ ಬೇಕಲ್ಲ. ಅದು ಇರಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಬಿಬಿಸೊಲ್ತಾನಳೇ ಐದನೇ ಅಂತಸ್ತಿಗೆ ಹತ್ತಿ ಬಂದು ಬಾಗಿಲು ತಟ್ಟಿದಳು. "ಏಳಪ್ಪಾ. ಅಡುಗೆಮನೆ ನಲ್ಲಿ ಒಂದು ಉಳಿದಿದೆಯಲ್ಲ. ಇವತ್ತು ಮುಗಿಸು."

"ಇವತ್ತಾ ಅಪಾ? ನಿಮ್ಮ ಹಬ್ಬದ ದಿನ. ಅದೂ ನಿನ್ನೆ ಹಾಗಾಗಿ..."

"ಮಾತು ಕೊಟ್ಟಿದ್ದೆ ತಾನೇ?"

ಅವನು ಉಪಕರಣದ ಚೀಲ ಹಿಡಿದು ಇಳಿದ. ಮನೆ ಒಣಗಿತ್ತು, ಕಿಟಕಿಗಳು ತೆರೆದಿದ್ದವು, ಗೋಡೆಯಲ್ಲಿ ಎನ್ಸಿ ಇದ್ದ ಜಾಗ ಮಾತ್ರ ಬೆಳ್ಳಗಿತ್ತು. ಅವಳು ಹಾಲು ಹಾಕಿದ ಚಹಾ ತಂದಿಟ್ಟು, ಮಣೆಯ ಮೇಲೆ ಕೂತು, ತರಗತಿಯಲ್ಲಿ ಕೂರುತ್ತಿದ್ದಂತೆ ಬೆನ್ನು ನೆಟ್ಟಗೆ ಮಾಡಿ ಅವನ ಕೈಗಳನ್ನೇ ನೋಡುತ್ತಿದ್ದಳು. ಹಳೆಯ ನಲ್ಲಿ ಬಿಚ್ಚಿದ. ಹೊಸದನ್ನು ಕೂರಿಸಿದ. ವಾಷರು, ನಾರು, ನಟ್ಟು. ಕೊನೆಯಲ್ಲಿ ಜಾಲರಿ ತಿರುಗಿಸಿ, ನೀರು ಬಿಟ್ಟು, ನಿಲ್ಲಿಸಿದ. ಇಬ್ಬರೂ ಕಿವಿಗೊಟ್ಟರು. ಒಂದು ಹನಿಯೂ ಬೀಳಲಿಲ್ಲ.

ಆ ಸದ್ದಿಲ್ಲದ ಮನೆಯೊಳಗೆ ಗೋಡೆಯ ಕೊಳವೆ ಮಾತ್ರ ಮೆಲ್ಲಗೆ ಗುನುಗುತ್ತಿತ್ತು. ನೀರು ಮೇಲೇರುತ್ತಿತ್ತು: ಮೂರನೇ ಅಂತಸ್ತು, ನಾಲ್ಕನೇ ಅಂತಸ್ತು. ಮತ್ತೆ ಮೇಲೆಲ್ಲೋ ಕಿಟಕಿ ತೆರೆದ ಸದ್ದು, ಜಿಬಾಗುಲ್‌ಳ ಕೂಗು. "ರೀ! ಬಂತು ಕಣ್ರೀ! ನಮ್ಮನೆ ನಲ್ಲೀಲಿ ನೀರು! ನಿಲ್ತಾನೇ ಇಲ್ಲ!"

ಮಕ್ಸೆತ್ ಸ್ಪ್ಯಾನರು ಹಿಡಿದೇ ನಿಂತ.

"ನಾಲ್ಕೂ ಮನೆ ಮುಗೀಲೇಬೇಕಿತ್ತು," ಎಂದಳು ಬಿಬಿಸೊಲ್ತಾನ್. "ಒಂದು ಬಿಟ್ರೂ ಮೇಲಕ್ಕೆ ಏರ್ತಿರ್ಲಿಲ್ಲ. ಎಂಟು ತಿಂಗಳಿಂದ ಅದಕ್ಕೇ ಬೈತಿದ್ದೆ. ನಿನ್ನ ಹೆಂಡ್ತಿ ನನ್ನ ಬಾಗಿಲ ಮುಂದೆ ಕೂತು ಎದ್ದು ಹೋಗ್ತಿದ್ಲು, ಮಗಾ. ಪ್ರತಿ ದಿನ. ನಂಗೆ ನೋಡೋಕಾಗ್ತಿರ್ಲಿಲ್ಲ."

ಅವನಿಗೆ ನೆಲಮಾಳಿಗೆಯ ಗೋಣಿ ನೆನಪಾಯಿತು. ಈಗಲೇ ಹೋಗಿ ತಂದು, ಹೇಗಾದರೂ, ಏನಾದರೂ ಕತೆ ಕಟ್ಟಿ, ಆ ಬೆಳ್ಳಗಿನ ಗೋಡೆಗೆ ಮತ್ತೆ ಅದನ್ನು ತೂಗುಹಾಕಿದರೆ? ಅವನು ಚೀಲ ಎತ್ತಿಕೊಂಡ.

"ಹೋಗುವಾಗ ಬಚ್ಚಲಲ್ಲಿರೋ ಬಕೆಟ್ ಒಂದ್ಸಲ ನೋಡು," ಎಂದಳು.

ಬಚ್ಚಲಲ್ಲಿ ಆರು ಬಕೆಟ್ಟುಗಳು ಸಾಲಾಗಿ ನಿಂತಿದ್ದವು. ಪಕ್ಕದಲ್ಲಿ ಠಾಣೆಯ ಇನ್‌ಸ್ಪೆಕ್ಟರ್ ಕುಕ್ಕರುಗಾಲಲ್ಲಿ ಕೂತು ಒಂದರ ನೀರನ್ನು ಬಾಟಲಿಗೆ ಸುರಿದುಕೊಳ್ಳುತ್ತಿದ್ದ. ಅವನೂ ಅವಳ ಶಿಷ್ಯನೇ, ಮಕ್ಸೆತ್ ಕೂತಿದ್ದ ಬೆಂಚಿನ ಹಿಂದಿನ ಬೆಂಚಿನವನು. ಅವನ ತೋಳೆಲ್ಲ ನೆಲಮಾಳಿಗೆಯ ಗೋಣಿಗಳ ಗಾಜುನಾರು ತಾಗಿ ಕೆಂಪಾಗಿತ್ತು, ಎಡಬಿಡದೆ ಕೆರೆದುಕೊಳ್ಳುತ್ತಿದ್ದ.

ಮಕ್ಸೆತ್ ಬಕೆಟ್ಟಿನೊಳಗೆ ನೋಡಿದ. ಅಮು ಹೊಳೆಯ ನೀರು ಯಾವತ್ತೂ ಮಣ್ಣು ಹೊತ್ತೇ ಬರುವುದರಿಂದ, ಆ ಊರಿನಲ್ಲಿ ಯಾರೂ ನೀರನ್ನು ಒಂದು ರಾತ್ರಿ ತಿಳಿಯಾಗಲು ಬಿಡದೆ ಬಳಸುವುದಿಲ್ಲ, ಕಕ್ಕಸಿಗೂ. ತುಕ್ಕೆಲ್ಲ ತಳಕ್ಕಿಳಿದು ಬೆರಳ ದಪ್ಪ ಕೂತಿತ್ತು. ಆದರೆ ಅದರ ಮೇಲೆ ನಿಂತಿದ್ದ ನೀರು ಬಣ್ಣ ಕಳೆದುಕೊಂಡಿರಲಿಲ್ಲ. ದಾಳಿಂಬೆ ರಸದಂತೆ, ಆರೂ ಬಕೆಟ್ಟುಗಳಲ್ಲಿ, ಕೆಂಪಗೆ ಹೊಳೆಯುತ್ತಿತ್ತು. "ಬೆಳಿಗ್ಗೆ ಎದ್ದು ನೋಡ್ದೆ," ಎಂದಳು ಬಿಬಿಸೊಲ್ತಾನ್, ಪಾಠ ಹೇಳುವ ದನಿಯಲ್ಲಿ. "ನನ್ನಜ್ಜಿ ಆ ಎನ್ಸಿಯ ಉಣ್ಣೇನ ಮಂಜಿಷ್ಠದ ಬೇರಲ್ಲಿ ಏಳು ಸಲ ಬೇಯಿಸಿದ್ಲು. ಪ್ರತಿ ವಸಂತಕ್ಕೂ ಹೊಳೆಗೆ ಹಾಕಿ, ತುಳಿದು ಒಗೀತಿದ್ವಿ ಮಕ್ಸೆತ್, ನಾನೂ ಒಗ್ದಿದೀನಿ. ನೂರು ವರ್ಷದಲ್ಲಿ ಅದು ಒಂದು ಸಲಾನೂ ನೀರಿಗೆ ಬಣ್ಣ ಬಿಟ್ಟಿಲ್ಲ."